ಬೇರಿನಡಿಯ ನೀರು

“ನೀರು ಕನ್ನಡಿ ಹಾಗಿದೆಯಲ್ಲಕ್ಕಾ, ದಡದ ಮರ ಕಡಿದ್ರೆ ಏನಾಗುತ್ತೆ?” ಕಡಿಯುವ ಆದೇಶಕ್ಕೆ ಸಹಿ ಹಾಕಲು ಕುಳಿತ ಎಂಜಿನಿಯರ್ ಕೇಳಿದ. ಅವನು ಕೇಳಿದ್ದು, ತೊರೆಯ ಹುಳುಗಳನ್ನು ಎಣಿಸಿ ನೀರಿನ ಆರೋಗ್ಯ ಅಳೆಯುವ, ಕಚೇರಿಯವರೆಲ್ಲ ‘ಹುಳದಕ್ಕ’ ಎನ್ನುವ ಆಕೆಯನ್ನು. ಬೆಳಗಿನಿಂದ ತೊರೆಯಲ್ಲಿ ನಿಂತು ಆಕೆಯ ಮಂಡಿ ಮರಗಟ್ಟಿತ್ತು. ಮರ ಹೋದರೆ ತೊರೆಯ ಜೀವವೂ ಹೋಗುತ್ತದೆಂದು ಮೂರು ಸಭೆಗಳಲ್ಲಿ ಹೇಳಿ ಬಾಯಿ ಸೋತಿತ್ತು.

ತೊರೆಯಿಂದ ತಂದ ನೀರಿದ್ದ ಎರಡು ಬಿಳಿ ತಟ್ಟೆಗಳನ್ನು ಅವನ ಮುಂದೆ ಸರಿಸಿದಳು. ಬೋಳು ದಡದ ನೀರಿನಲ್ಲಿ ಒಂದೇ ಒಂದು ಹುಳು. ಮರದ ಬೇರಿನಡಿಯ ನೀರಿನಲ್ಲಿ, ಕೊಳೆತ ಎಲೆಗಳ ನಡುವೆ, ಏನೇನೋ ಮಿಸುಕಾಡುತ್ತಿದ್ದವು.

“ಇದ್ರಲ್ಲಿ ಎಷ್ಟಿವೆ?” ಎರಡನೆಯ ತಟ್ಟೆ ತೋರಿಸಿ ಅವನು ಕೇಳಿದ.

“ಎಣಿಸಿ ಎಣಿಸಿ ಸಾಕಾಗಿ ಹೋಗಿದೆ ಸಾರ್. ನೀವೇ ಎಣಿಸಿ.” ಭೂತಗನ್ನಡಿಯನ್ನು ಅವನ ಕೈಗಿಟ್ಟು ಗೋಡೆಗೊರಗಿದಳು.

ಒಲ್ಲದ ಮನಸ್ಸಿನಿಂದಲೇ ಅವನು ಬಗ್ಗಿದ. ಏರೋಪ್ಲೇನ್ ಚಿಟ್ಟೆಯ ಮರಿ, ಪುಟ್ಟ ಸೀಗಡಿ, ಎಲೆಚೂರಿನ ಗೂಡು ಹೊತ್ತ ಹುಳು... ಮೂವತ್ತರ ತನಕ ಹೋಗಿ ತಡವರಿಸಿದ.

“ಛೆ, ಇದು ಓಡಾಡ್ತಿದೆ, ಲೆಕ್ಕ ತಪ್ಪೋಯ್ತು.”

ಕುರ್ಚಿ ಹತ್ತಿರ ಎಳೆದುಕೊಂಡು ಮತ್ತೆ ಒಂದರಿಂದ ಶುರುಮಾಡಿದ.