ಸೀಮೆಸುಣ್ಣದ ನಂಬರುಗಳು

ಧಣಿಯ ಹಳೇ ಕಾರು ಬಿಚ್ಚಿದಾಗ, ಕಾರ್ಖಾನೆಯವರು ಒಳಗೆಲ್ಲ ಸೀಮೆಸುಣ್ಣದಲ್ಲಿ ಬರೆದಿದ್ದ ನಂಬರುಗಳು ಕಂಡವು. ಮೆಕ್ಯಾನಿಕ್ ಮಸ್ತಾನ್ ಸಾಬರು ಒಂದೊಂದನ್ನೂ ಓದಿ, ಮೆಲ್ಲಗೆ ಬಣ್ಣದ ಡಬ್ಬಿ ತೆಗೆದರು.

"ಮುಚ್ಚಿಬಿಡೋಣ ಸಾರ್, ಮರ್ಯಾದೆ ಉಳಿಯುತ್ತೆ."

"ಮುಟ್ಟೀರಾ, ಜೋಕೆ! ಅಸಲಿ ಮಾಲಿನ ಬೆಲೆ ತಿಳಿದಿದ್ರೆ ನೀವ್ಯಾಕ್ರೀ ಈ ಶೆಡ್ಡಿನಲ್ಲಿ ಬಿದ್ದಿರ್ತಿದ್ರಿ?"

ಸಾಬರು ಬಣ್ಣದ ಡಬ್ಬಿ ಪಕ್ಕಕ್ಕಿಟ್ಟು, ನಂಬರುಗಳು ಅಳಿಸಿಹೋಗದಂತೆ ವಾರ್ನಿಷ್ ಬಳಿದರು.

ಹಳೇ ಕಾರುಗಳ ಪ್ರದರ್ಶನದ ದಿನ ಧಣಿ ಪಕ್ಕದ ಕಾರುಗಳನ್ನೆಲ್ಲ "ಗುಜರಿ" ಎಂದು ಮೂದಲಿಸುತ್ತಾ, ತೀರ್ಪುಗಾರರಿಗೆ ತಾವೇ ಬಾಗಿಲು, ಬಾನೆಟ್ಟು ಎಲ್ಲ ತೆರೆದರು.

"ಓದಿ ಸ್ವಾಮಿ, ಅಸಲಿ ಅಂದ್ರೆ ಇದು!"

ತೀರ್ಪುಗಾರರು ಓದಿದರು. "ಒಂದು ಕಾರಿನ ಭಾಗಗಳಿಗೆಲ್ಲ ಕಾರ್ಖಾನೆಯಲ್ಲಿ ಒಂದೇ ನಂಬರು ಬರೀತಿದ್ರು. ಇಲ್ಲಿ ಎಡಬಾಗಿಲು ಎಂಬತ್ತೇಳು, ಬಲಬಾಗಿಲು ಹತ್ತೊಂಬತ್ತು, ಬಾನೆಟ್ಟು ಮುನ್ನೂರಾ ನಾಲ್ಕು. ಇದರಲ್ಲಿ ನಿಮ್ಮ ಕಾರು ಯಾವುದು, ಸ್ವಾಮಿ?"