ಕರಿಯಪ್ಪನವರ ಸಂಗೀತ ಚಿಕಿತ್ಸೆ

ಕರಿಯಪ್ಪನವರ ಎಡಗೈ ಹಾಸಿಗೆಯಿಂದ ಮತ್ತೆ ಮೇಲೆದ್ದಿತು. ಈ ಸಲ ಎರಡು ಅಂಗುಲ. ಪಂಕಜಾಕ್ಷಿ ಮಾತ್ರೆಯ ಡಬ್ಬಿಯನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದಳು.

“ಅಮ್ಮಾ, ಸಾಹುಕಾರ್ರು ಕೈ ಎತ್ತಿದ್ರು! ಹಾಡಿನ ಪೆಟ್ಟಿಗೆ ಕಡೆಗೇ ಎತ್ತಿದ್ರು!”

ಕರಿಯಪ್ಪನವರ ಹೆಂಡತಿ ಜಗದಾಂಬ ಒಲೆಯ ಮೇಲಿನ ಹಾಲು ನೋಡುತ್ತಿದ್ದರು. “ಹೌದಾ? ಹಂಗಾದ್ರೆ ಒಸಿ ಜೋರು ಮಾಡು,” ಎಂದರು.

ಪಂಕಜಾಕ್ಷಿ ಪಾಳ್ಯದ ಕಡೆಯವಳು. ಲಕ್ವ ಹೊಡೆದವರನ್ನು ನೋಡಿಕೊಳ್ಳುವುದು ಅವಳ ಕಸುಬು. ಸಕಲೇಶಪುರದಾಚೆಯ ಈ ಎಸ್ಟೇಟ್ ಮನೆಗೆ ಬಂದು ಮೂರು ತಿಂಗಳಾಗಿತ್ತು. ಕರಿಯಪ್ಪನವರು ಕೂಗಿದರೆ ಕೂಲಿಯವರ ಲೈನಿನ ಮಕ್ಕಳು ಕೂಡ ಅಳು ನಿಲ್ಲಿಸುತ್ತಿದ್ದವಂತೆ. ಆ ದನಿಯನ್ನು ಅವಳು ಕೇಳಿರಲಿಲ್ಲ. ಬಲಗೈ, ಬಲಗಾಲಿನ ಜೊತೆ ಮಾತೂ ಹೋಗಿಬಿಟ್ಟಿತ್ತು; ಎಡಗೈಯಲ್ಲೂ ಬಲ ಉಳಿದಿರಲಿಲ್ಲ.

ಹಳೆಯ ನೆನಪು ಕೆದಕುವ ಹಾಡು ಕೇಳಿಸಿ, ಮಾತು ಮರಳಿದರೂ ಮರಳೀತು ಎಂದಿದ್ದರು ಡಾಕ್ಟರು. ವಾರದಲ್ಲೇ ಜಗದಾಂಬ ಬೆಂಗಳೂರಿನಿಂದ ಅಂಚೆಯಲ್ಲಿ ಒಂದು ಸಿ.ಡಿ. ತರಿಸಿದರು. ಅಮೆರಿಕದ ಹಳೆಯ ಸ್ವಿಂಗ್ ಜಾಝ್ ಹಾಡುಗಳ ಸಂಕಲನ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಕತ್ತರಿಗೂ ಕಾಯದೆ ಹಲ್ಲಿನಿಂದಲೇ ಹರಿದರು.

ಹದಿನೈದು ತುತ್ತೂರಿಗಳು ಜಗಳಕ್ಕೆ ಬಿದ್ದಂತೆ, ನಡುವೆ ಒಂದು ಡ್ರಮ್ಮು ಪಂಚಾಯ್ತಿಗೆ ಕೂತಂತೆ ಕೇಳಿಸಿತು ಪಂಕಜಾಕ್ಷಿಗೆ. ನಾಲ್ಕನೆಯ ದಿನ ನೋಡಿದರೆ ಅವಳ ಕಾಲೇ ತಾಳ ಹಾಕುತ್ತಿತ್ತು.

“ಸಾಹುಕಾರ್ರಿಗೆ ಇದು ಅಷ್ಟು ಇಷ್ಟವಾ ಅಮ್ಮ?”

“ಇದು ಕಿವಿಗೆ ಬಿದ್ರೆ ಅವರಿಗೆ ಏನಾಯ್ತದೆ ಅಂತ ನಂಗೊಬ್ಳಿಗೇ ಗೊತ್ತು ಕಣಮ್ಮ.”

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಜಗದಾಂಬ ಅವರೆಕಾಯಿಯ ಮೊರ ಹಿಡಿದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂರುವರು. ಕಾಯಿ ಸುಲಿಯುವ ಬೆರಳು ತಾಳ ತಪ್ಪುತ್ತಿರಲಿಲ್ಲ. ತುತ್ತೂರಿ ಮೇಲೇರುವ ಒಂದು ಗಳಿಗೆ ಮೊದಲೇ ಅವರ ಗದ್ದ ಮೇಲೇರುತ್ತಿತ್ತು. ಕರಿಯಪ್ಪನವರ ಕಣ್ಣಲ್ಲಿ ನೀರು ತುಂಬುತ್ತಿತ್ತು. ಅದನ್ನು ಒರೆಸುತ್ತ ಪಂಕಜಾಕ್ಷಿ ತನ್ನ ಕಣ್ಣನ್ನೂ ಒರೆಸಿಕೊಳ್ಳುವಳು. ಎಂಥ ಜೋಡಿ!

“ನಾಡಿ ಚುರುಕಾಗಿದೆ, ಮುಖಕ್ಕೆ ರಕ್ತ ಏರ್ತಿದೆ,” ಎಂದರು ಡಾಕ್ಟರು. “ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ.”

ಯಾರೂ ನಿಲ್ಲಿಸಲಿಲ್ಲ.

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ, ಮೂರನೆಯ ಹಾಡಿನ ಮಧ್ಯೆ, ಕರಿಯಪ್ಪನವರ ತುಟಿ ಸೊಟ್ಟಗೆ ತೆರೆಯಿತು.

“ನಿ... ನಿಲ್ಸು.”

ಪಂಕಜಾಕ್ಷಿ ಚಂಗನೆ ಹಾರಿ ಗುಂಡಿ ಒತ್ತಿದಳು. “ಅಮ್ಮಾ, ಮಾತು ಬಂತು! ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದೆ ಅಮ್ಮಾ!” ಎಂದು ಮಂಚದ ಕಾಲಿಗೇ ಕೈ ಮುಗಿದಳು. ಜಗದಾಂಬ ಕುರ್ಚಿಯಿಂದ ಏಳಲಿಲ್ಲ.

ಕರಿಯಪ್ಪನವರು ಹೆಂಡತಿಯ ಮೇಲೆ ನೆಟ್ಟ ಕಣ್ಣು ಕೀಳದೆ, ಒಂದೊಂದೇ ಪದವನ್ನು ಎಳೆದು ತಂದರು. “ಮದ್ವೆ ಆದ್ ವರ್ಷಾನೇ... ನಿನ್ ತೌರಿನ್ ಗ್ರಾಮಫೋನ್ ಪ್ಲೇಟೆಲ್ಲ... ಒಡ್ದಾಕಿದ್ನಲ್ಲೇ...”

ಜಗದಾಂಬ ಎದ್ದು ಬಂದು ಮತ್ತೆ ಗುಂಡಿ ಒತ್ತಿದರು. “ಹೂಂ. ಆ ಹನ್ನೆರಡೂ ಈಗ ಒಂದೇ ಪ್ಲೇಟಲ್ಲಿ ಬಂದ್ಬುಟ್ಟವೆ ಕಣ್ರೀ.”