ಎನೆಸಿ ಅಜ್ಜಿಯ ಚಪ್ಪಾಳೆ

“ಪ್ರಯಾಣಿಕರಿಗೆ ಸ್ವಾಗತ,” ಎಂದು ವಿಮಾನ ನಿಲ್ದಾಣದಿಂದ ಹೊರಟ ರೈಲಿನ ಚಾವಣಿಯಿಂದ ಹೆಣ್ಣುದನಿ ಬಂದದ್ದೇ ತಡ, ಎನೆಸಿ ಅಜ್ಜಿ ಅಂಗೈ ಗುಳಿ ಮಾಡಿ, ಪೊಳ್ ಪೊಳ್ ಎಂದು ಚಪ್ಪಾಳೆ ತಟ್ಟಿ, ತಲೆ ಬಾಗಿಸಿ, ಊರಿನ ರೀತಿಯಲ್ಲಿ ಆ ದನಿಗೆ ನಮಸ್ಕಾರ ಹೇಳಿದಳು.

ಇಡೀ ಬೋಗಿ ತಿರುಗಿ ನೋಡಿತು. ಮೊಮ್ಮಗಳು ಚಿಯೆಜಾ ಅವಳ ಕೈ ಗಪ್ಪನೆ ಹಿಡಿದಳು. “ಅಯ್ಯೋ ಅಜ್ಜಿ, ಅದು ಯಂತ್ರ! ಇಲ್ಲಿ ನಮ್ಮ ಶೋನಾ ಮಾತು ಬೇಡ ಅಂತ ಇಳಿದ ತಕ್ಷಣ ಹೇಳಲಿಲ್ವಾ?” ಹೊರದೇಶದವರನ್ನು ಕಂಡರೆ ಹಲವರು ಸಿಡಿಮಿಡಿಗೊಳ್ಳುವ ಜೊಹಾನ್ಸ್‌ಬರ್ಗಿಗೆ ಬಂದು ಆರು ವರ್ಷವಾದರೂ ತಾನು ಜಿಂಬಾಬ್ವೆಯವಳೆಂದು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ.

“ಬನ್ನಿ ಅಂದವರಿಗೆ ಉತ್ತರ ಕೊಡದೆ ಕೂರೋಕೆ ನಾನೇನು ಮೂಟೆನಾ?”

ಅಷ್ಟರಲ್ಲಿ ಬಾಗಿಲ ಬಳಿಯಿದ್ದ ಕಾವಲುಗಾರ ಇವರತ್ತಲೇ ಬಂದ. ಚಿಯೆಜಾ ಅಜ್ಜಿಗೆ ಅಡ್ಡವಾಗಿ ಸರಿದು ಕೂತಳು. ಅವನು ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಜ್ಜಿಯ ಊರಿನ ಗಂಡಸರು ನಮಸ್ಕರಿಸುವ ಹಾಗೆ ಅಂಗೈ ಚಪ್ಪಟೆ ಮಾಡಿ ಟಪ್ ಟಪ್ ಎಂದು ತಟ್ಟಿದ. ಶೋನಾದಲ್ಲೇ ಕೇಳಿದ: “ಚೆನ್ನಾಗಿದೀರಾ ಅಜ್ಜಿ? ಈ ಸದ್ದು ಕೇಳಿ ನಾಲ್ಕು ವರ್ಷ ಆಗಿತ್ತು.”

ಅಜ್ಜಿ ಮೊಮ್ಮಗಳನ್ನು ಮೊಣಕೈಯಲ್ಲಿ ತಿವಿದಳು. “ಯಂತ್ರ ಅಂದ್ಯಲ್ಲೇ? ನೋಡು, ಎಷ್ಟು ಚೆನ್ನಾಗಿ ಮಾತಾಡುತ್ತೆ!”

ಚಿಯೆಜಾಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಂಗೈ ಗುಳಿ ಮಾಡಿ, ಬೋಗಿಗೆಲ್ಲ ಕೇಳುವ ಹಾಗೆ ತಾನೂ ತಟ್ಟಿದಳು.